ಕೆಂಪು ಚುಕ್ಕೆ ಯಾವ ದಂಡೆಗೆ

ಒಂದು ಕಚೇರಿಯಲ್ಲಿ ಯಾರ ಕುರ್ಚಿಗೆ ಚಕ್ರಗಳಿವೆ, ಯಾರದಕ್ಕಿಲ್ಲ ಎಂಬುದು ಹಗುರವಾಗಿ ತೆಗೆದುಕೊಳ್ಳುವ ವಿಷಯವಲ್ಲ, ರಾಜ್ಯಗಳು ಮುಳುಗಿದ್ದು ಇದಕ್ಕಿಂತ ಸಣ್ಣ ಕಾರಣಗಳಿಗೆ — ಹಾಗೆಂದುಕೊಳ್ಳುತ್ತಲೇ ದೊಡ್ಡವಳು ನೋಡುತ್ತಿದ್ದಾಳೆ, ಓರಗಿತ್ತಿ ಚಿಕ್ಕವಳು ಕುರ್ಚಿಯನ್ನು ಕಾಲಲ್ಲೇ ಒತ್ತಿ ಸುಯ್ಯನೆ ಪರದೆಯ ಬಳಿ ಜಾರಿದಳು, ಎದ್ದು ನಡೆಯುವ ಕಷ್ಟವೂ ಅವಳಿಗಿಲ್ಲ, ದೀಪ ಆರಿತು, ಪರದೆಯಲ್ಲಿ ನದಿಯ ನಕ್ಷೆ ಮೂಡಿತು, ಮೇಜಿನ ಸುತ್ತ ಕೂತ ನೀರು ಮಂಡಳಿಯವರೆಲ್ಲ ಮಗು ಮೊದಲ ಹೆಜ್ಜೆ ಇಟ್ಟಂತೆ ಆಹಾ ಎಂದರು, ಅಧ್ಯಕ್ಷರಂತೂ ಕನ್ನಡಕ ಒರೆಸಿಕೊಂಡರು, ಎಷ್ಟು ಚೆಂದ ಬರೆದಿದ್ದೀಯಮ್ಮಾ — ಬರೆದದ್ದೇನು ಮಣ್ಣು, ಅಲ್ಲಿರುವ ಒಂದೊಂದು ಚುಕ್ಕೆಯೂ ದೊಡ್ಡವಳು ಸೊಂಟದ ತನಕ ನೀರಿಗಿಳಿದು ತುಂಬಿದ ಕಂದು ಗಾಜಿನ ಬಾಟಲಿ, ಪ್ಲಾಸ್ಟಿಕ್ ಆಗದು, ವಿಷ ಅದರ ಗೋಡೆಗೇ ಅಂಟಿ ಉಳಿಯುತ್ತದೆ, ಬಿಸಿಲು ತಾಗಬಾರದು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಹಸುಗೂಸಿನ ಹಾಗೆ ಹೊತ್ತು ತರಬೇಕು, ಯಂತ್ರದೆದುರು ಕೂತು ಯಾವ ಕಳೆನಾಶಕ ಎಷ್ಟು, ಯಾವ ಕೀಟನಾಶಕ ಎಷ್ಟು ಎಂದು ಕಣ್ಣು ಬತ್ತಿಸಿಕೊಳ್ಳಬೇಕು, ಇಷ್ಟೆಲ್ಲ ಆದಮೇಲೆ ಚಿಕ್ಕವಳು ಬಣ್ಣ ಹಚ್ಚುತ್ತಾಳೆ, ಶುದ್ಧಕ್ಕೆ ನೀಲಿ, ವಿಷಕ್ಕೆ ಕೆಂಪು, ಅಬ್ಬಾ ಎಂಥ ವಿದ್ಯೆ. ಅಣ್ಣತಮ್ಮಂದಿರು ಒಂದೇ ಮನೆಯಲ್ಲಿರುವುದು ಸಾಲದೆಂದು ಹೆಂಡಿರು ಒಂದೇ ಪ್ರಯೋಗಾಲಯದಲ್ಲಿ, ಅದೂ ಯಾರ ಪುಣ್ಯ, ಈ ಕೆಲಸ ಖಾಲಿ ಇದೆ ನೋಡೇ ಎಂದು ಜಾಹೀರಾತು ತೋರಿಸಿದ್ದೇ ತಾನು, ಕೈಯಾರೆ, ಈಗ ಮನೆಯ ಹಜಾರದ ಗೋಡೆಯ ಮೇಲೆ ಕಟ್ಟು ಹಾಕಿಸಿದ ನಕ್ಷೆ, ಬಂದವರಿಗೆಲ್ಲ ಅತ್ತೆಯ ವಿವರಣೆ, ಇದು ನಮ್ಮ ಚಿಕ್ಕವಳದ್ದು, ದೊಡ್ಡವಳೂ ಅಲ್ಲೇ ಇದ್ದಾಳೆ, ಏನೋ ನೀರು ತರ್ತಾಳೆ, ಕೊಡ ಹೊತ್ತ ಹಾಗೆ, ಗಂಡನ ಹತ್ತಿರ ಹೇಳಿಕೊಂಡರೆ ಅವನು ಸಾಂತ್ವನ ಹೇಳಿದ ಚೆಂದವೇ ಚೆಂದ, ನಿಂದೂ ದೊಡ್ಡ ಕೆಲಸನೇ ಕಣೇ, ಆದ್ರೆ ಬಾಟಲಿನ ಗೋಡೆಗೆ ಮೊಳೆ ಹೊಡೆದು ನೇತು ಹಾಕೋಕಾಗುತ್ತಾ.

ಚಿಕ್ಕವಳ ಬೆರಳು ಎರಡು ತೊರೆಗಳು ಕೂಡುವಲ್ಲಿಗೆ ಬಂದು ನಿಂತಿದೆ, ಎರಡರ ಬದಿಯಲ್ಲೂ ಹೊಲಗಳೇ, ಕೂಡಿದ ಮೇಲೂ ಅವು ಬಹುದೂರ ಬೆರೆಯುವುದಿಲ್ಲ, ಒಂದೇ ಪಾತ್ರದಲ್ಲಿ ಅಕ್ಕಪಕ್ಕ ಹರಿಯುತ್ತವೆ, ಒಂದೇ ಸೂರಿನಡಿಯ ಓರಗಿತ್ತಿಯರಂತೆ, ಒಂದು ದಂಡೆಗೆ ವಿಷ, ಇನ್ನೊಂದಕ್ಕೆ ಇಲ್ಲ, ಊರಿನ ಕುಡಿಯುವ ನೀರಿನ ಹೊಸ ಪಂಪನ್ನು ಯಾವ ದಂಡೆಗೆ ಕೂರಿಸಬೇಕೆಂದು ತಿಳಿಯಲಿಕ್ಕೇ ಇವತ್ತಿನ ಸಭೆ, ಎಡದಂಡೆ ಕೆಂಪು ಸರ್, ಬಲದಂಡೆ ನೀಲಿ ಎನ್ನುತ್ತಿದ್ದಾಳೆ, ದನಿಯಲ್ಲೂ ಚಕ್ರಗಳಿವೆ ಇವಳಿಗೆ — ಆದರೆ ತಡಿ, ಬಲದಂಡೆಯ ನೀಲಿ ಚುಕ್ಕೆಯ ಪಕ್ಕ ದೋಣಿಕಟ್ಟೆಯ ಗುರುತಿದೆಯಲ್ಲ, ನೀರಂಚಿಗೆ ಬೋರಲು ಹಾಕಿದ ದೋಣಿ ಇದ್ದದ್ದು ಅಲ್ಲೇ, ಅದರ ಬೆನ್ನಿಗೆ ಒಂದು ಕೈ ಊರಿ ತಾನು ತುಂಬಿದ ಬಾಟಲಿಯದೇ ವಿಷದ ಅಂಕಿ ಯಂತ್ರದಲ್ಲಿ ಮುಗಿಲು ಮುಟ್ಟಿದ್ದು, ವಿಷ ಇರುವುದು ದೋಣಿಯ ಕಡೆ, ಅಂದರೆ ಚುಕ್ಕೆಗಳು ಅದಲುಬದಲು, ಅಂದರೆ ಚಿಕ್ಕವಳು ತಪ್ಪಿದಳು, ತಪ್ಪಿದಳು, ಎದೆಯೊಳಗೆ ಯಾರೋ ಸಕ್ಕರೆ ಹಂಚುತ್ತಿದ್ದಾರೆ, ಈಗಲೇ ಹೇಳಬಾರದು, ಅವಳು ಇನ್ನಷ್ಟು ಮಾತಾಡಲಿ, ಇನ್ನಷ್ಟು ಮೇಲೇರಲಿ, ಆಮೇಲೆ ಮೆಲ್ಲಗೆ, ಬಹಳ ಮೆಲ್ಲಗೆ, ದೊಡ್ಡವಳಿಗೆ ತಕ್ಕ ಹಾಗೆ. ಅದಲುಬದಲಾದದ್ದಾದರೂ ಹೇಗೆ, ಜಾಗ ಗುರುತಿಸುವ ಉಪಗ್ರಹದ ಯಂತ್ರಕ್ಕೆ ಅಷ್ಟು ಕಿರಿದಾದ ನದಿಯ ಆಚೆ ಈಚೆ ನಂಬುವಂತೆ ತಿಳಿಯುವುದಿಲ್ಲ, ಎಡ ಬಲ ಮನುಷ್ಯರೇ ಕೂಗಿ ಹೇಳಬೇಕು, ಕೂಗಿದ್ದು ತಾನು, ದಡದಲ್ಲಿ ನಿಂತು ಬರೆದುಕೊಂಡದ್ದು ಅವಳು, ನದಿಯ ದಂಡೆಗಳನ್ನು ಅದು ಹರಿದುಹೋಗುವ ದಿಕ್ಕಿಗೆ ಮುಖ ಮಾಡಿ ಹೆಸರಿಸುವುದು, ಇದು ಈ ಕಸುಬಿನ ಮೊದಲ ಪಾಠ, ಬಾಟಲಿ ತುಂಬುವವರು ಮಾತ್ರ ನೀರು ಬರುವ ದಿಕ್ಕಿಗೆ ಮುಖ ಮಾಡುತ್ತಾರೆ, ತಮ್ಮ ಕಾಲು ಕದಡಿದ ಕೆಸರು ಬಾಟಲಿಗೆ ಸೇರದಿರಲೆಂದು — ದೋಣಿಯ ಮೇಲೆ ಊರಿದ್ದು ಎಡಗೈ, ನೀರು ಹೊಟ್ಟೆಗೆ ಬಡಿಯುತ್ತಿತ್ತು, ಬೆನ್ನಿಗಲ್ಲ, ದಡದಲ್ಲಿ ಚಿಕ್ಕವಳು ಯಾರೊಂದಿಗೋ ಫೋನಿನಲ್ಲಿ ನಗುತ್ತಿದ್ದಳು, ಆ ನಗು ಕೇಳಿ ಮೈ ಉರಿದು ದೊಡ್ಡವಳು ಎಡ, ಬರ್ಕೋ ಎಂದು ಕೂಗಿದ್ದಳು, ತನ್ನ ಎಡ, ನದಿಯದ್ದಲ್ಲ. ಸಕ್ಕರೆ ಹಂಚುವುದು ನಿಂತಿತು.

ಬೋರಲು ಬಿದ್ದ ದೋಣಿ, ಅದರ ಬೆನ್ನ ಮೇಲೆ ಎಡಗೈ. ಸುಮ್ಮನಿದ್ದರೆ ಯಾರಿಗೂ ತಿಳಿಯದು, ಅಧ್ಯಕ್ಷರು ಆಗಲೇ ಹೇಳುತ್ತಿದ್ದಾರೆ, ಹಾಗಾದ್ರೆ ಬಲದಂಡೆ ಅಂತ ಗಟ್ಟಿ ಮಾಡೋಣ, ತಲೆಗಳು ಅಲ್ಲಾಡುತ್ತಿವೆ, ವಿಷಕ್ಕೆ ರುಚಿಯಿಲ್ಲ ಬಣ್ಣವಿಲ್ಲ, ಊರಿನ ನಲ್ಲಿಗಳಲ್ಲೆಲ್ಲ ತಣ್ಣಗೆ ಬರುತ್ತದೆ, ಅಡುಗೆಮನೆಯ ನಲ್ಲಿಗೆ ಬಾಯಿ ಹಚ್ಚಿ ಕುಡಿಯುವ ಅಭ್ಯಾಸ ಚಿಕ್ಕವಳ ಮಗಳಿಗೆ, ಎಷ್ಟು ಬೈದರೂ ಬಿಡದು, ದೊಡ್ಡಮ್ಮಾ ಒಂದೇ ಗುಟುಕು ಎನ್ನುತ್ತದೆ, ತಾಯಿಯಂಥದ್ದೇ ನಗು — ದೊಡ್ಡವಳು ಎದ್ದು ನಿಂತಿದ್ದಾಳೆ, ಯಾವಾಗ ಎದ್ದಳೋ, ಚುಕ್ಕೆಗಳು ಅದಲುಬದಲಾಗಿವೆ, ವಿಷ ದೋಣಿಕಟ್ಟೆಯ ಕಡೆ ಇದೆ ಎಂದುಬಿಟ್ಟಳು, ಮುಂದಿನ ಮಾತೂ ಸಿದ್ಧವಿದೆ, ತಪ್ಪು ನನ್ನದು, ನಾನು ನಿಂತ ದಿಕ್ಕಿನದ್ದು, ಅಷ್ಟರಲ್ಲಿ ಚಿಕ್ಕವಳು ಕುರ್ಚಿಯಿಂದ ಎದ್ದಳು, ಸರ್, ಅಕ್ಕ ಸರಿಯಾಗೇ ಹೇಳಿದ್ದರು, ನಾನೇ ಫೋನಲ್ಲಿ ಮೈಮರೆತು ತಿರುಗುಮುರುಗು ಬರೆದುಕೊಂಡೆ ಅನ್ಸುತ್ತೆ, ಕ್ಷಮಿಸಿ. ಅವಳು ಅದನ್ನು ನಂಬಿಯೇ ಹೇಳುತ್ತಿದ್ದಾಳೆ, ಕೆನ್ನೆ ಕೆಂಪಾಗಿದೆ, ಅದೂ ಒಪ್ಪುತ್ತದೆ ಅವಳಿಗೆ, ಅಧ್ಯಕ್ಷರು ಕರಗಿ ನೀರಾದರು, ಹೀಗೆ ಒಪ್ಪಿಕೊಳ್ಳೋರು ಎಲ್ಲಿ ಸಿಗ್ತಾರಮ್ಮಾ ಈಗ, ಮಂಡಳಿಯ ಇಂಜಿನಿಯರ್ ಚಪ್ಪಾಳೆ ತಟ್ಟುವುದೊಂದು ಬಾಕಿ, ತಪ್ಪೊಂದಾದರೂ ತನ್ನ ಪಾಲಿಗಿತ್ತು, ಸ್ವಂತದ್ದು, ಅದನ್ನೂ ಎತ್ತಿಕೊಂಡಳು, ಬಾಯಿ ತೆರೆದೇ ಇದೆ, ಕೂತುಕೋ ಅಕ್ಕಾ ಎನ್ನುತ್ತಾಳೆ ಚಿಕ್ಕವಳು, ಚಕ್ರದ ಕುರ್ಚಿಯನ್ನು ಇತ್ತ ನೂಕುತ್ತಾಳೆ, ದೊಡ್ಡವಳು ಕೂತಳು, ಬಾಯಿ ಮುಚ್ಚಿಕೊಂಡಿತು, ದೋಣಿ, ಎಡಗೈ, ದೋಣಿಯ ಬೆನ್ನ ಮೇಲೆ ಒದ್ದೆ ಎಡಗೈ, ಅದನ್ನು ಅಲ್ಲಿಂದ ತೆಗೆಯಲಾಗುತ್ತಿಲ್ಲ.

ಪಂಪನ್ನು ಎಡದಂಡೆಯಲ್ಲಿ ಕೂರಿಸುವುದೆಂದು ಸಭೆ ತೀರ್ಮಾನಿಸಿತು.