ಮೆರಿಡಾದ ಪಕ್ಕೆಲುಬುಗಳು

"ಲೈಟ್ ಸ್ವಲ್ಪ ಒಳಗೆ ಹಿಡೀರಿ ರಮೀಝ್," ಎಂದು ಶಾರನ್ ಮೇಜಿನ ಮೇಲೆ ಬಗ್ಗಿದಳು.

ದುಬೈಯ ಸತ್ವಾದ ಗ್ಯಾರೇಜುಗಳ ಸಾಲಿನಲ್ಲಿ ಹಡಗಿನ ಮಾದರಿ ಮಾಡುವ ಅಂಗಡಿ ರಮೀಝನದೊಂದೇ. ಮೇಜಿನ ಮೇಲಿದ್ದದ್ದು 'ಮೆರಿಡಾ'. ಹದಿನೆಂಟನೇ ಶತಮಾನದ ಯುದ್ಧದ ಹಡಗು, ಫ್ರಿಗೇಟು. ಅಬುಧಾಬಿಯ ಒಂದು ಕಂಪೆನಿಯ ಲಾಬಿಗೆ ಹೋಗಬೇಕಾದದ್ದು. ಆ ಕಂಪೆನಿಯ ಪರವಾಗಿ ಆರ್ಡರ್ ಕೊಟ್ಟವಳು ರಮೀಝನಂತೆ ಮಂಗಳೂರಿನವಳೇ ಆದ ಶಾರನ್. ಒಂದು ಮಗ್ಗುಲಿಗೆ ಹಲಗೆ ಹೊದಿಸದೆ ಒಳಗಿನ ಬಾಗಿದ ಮರದ ಪಕ್ಕೆಲುಬು ಕಾಣುವ ಹಾಗೆ ಬಿಡಬೇಕೆಂದು ಮೊದಲೇ ಮಾತಾಗಿತ್ತು.

"ಇದೆಂತ ಮಾರ್ರೆ? ನಕ್ಷೆಯಲ್ಲಿ ಪಕ್ಕೆಲುಬು ಜೋಡಿ ಜೋಡಿ ಒತ್ತಾಗಿ ಉಂಟು. ಇಲ್ಲಿ ಅಲ್ಲೊಂದು ಇಲ್ಲೊಂದು. ಫಿರಂಗಿ ಹೊರುವ ಹಡಗಲ್ವಾ, ಅದರ ಗಟ್ಟಿ ಇರುವುದೇ ಅಲ್ಲಿ. ನಮ್ಮ ಬಾಸ್ ಇದನ್ನು ತಕ್ಕೊಳ್ಳಲಿಕ್ಕಿಲ್ಲ."

"ಬೇರೆ ಮಾಡಿ ಕೊಡ್ತೇನೆ," ಎಂದ ರಮೀಝ್. ಶಾರನ್ ಒಪ್ಪಿ ಹೋದಳು. ಆರ್ಡರು ಕೈತಪ್ಪದಿದ್ದುದೇ ದೊಡ್ಡದು.

ಈ ತಪ್ಪು ಅವನಿಗೆ ಮೊದಲೇ ಗೊತ್ತಿತ್ತು. ಇದನ್ನು ಕಟ್ಟಿದ್ದು ಅವನ ತಂದೆ ಮೊಯ್ದಿನಬ್ಬ. ವಿಸಿಟ್ ವೀಸಾದಲ್ಲಿ ಬಂದು, ಕೂತು ಕೂತು ಬೇಜಾರಾಗಿ, ತಾನೇ ಕಟ್ಟುತ್ತೇನೆಂದು ಹಟ ಹಿಡಿದಿದ್ದರು. ಮಂಗಳೂರಿನ ಬೆಂಗ್ರೆಯಲ್ಲಿ ಸರಕು ಸಾಗಿಸುವ ಮರದ ಹಡಗು, ಮಂಜಿ, ಕಟ್ಟಿ ಹೆಸರು ಮಾಡಿದವರು. ಮಂಜಿಗೆ ನಕ್ಷೆಯಿಲ್ಲ, ಮೇಸ್ತ್ರಿಯ ಕಣ್ಣೇ ಎಲ್ಲ. ಮೊದಲು ಹಲಗೆಗೆ ಹಲಗೆ ಸೇರಿಸಿ ಹೊಟ್ಟೆ ಮಾಡುವುದು, ಆಮೇಲೆ ಅದಕ್ಕೆ ಒಪ್ಪುವಂತೆ ಪಕ್ಕೆಲುಬು ಕೆತ್ತಿ ಕೂರಿಸುವುದು. ಫ್ರಿಗೇಟಿನದು ತೀರಾ ಉಲ್ಟಾ. ಮೊಯ್ದಿನಬ್ಬ ನಕ್ಷೆಯನ್ನು ಒಮ್ಮೆ ಬಿಡಿಸಿ ನೋಡಿ, ಮಡಚಿಟ್ಟು, ತಮ್ಮ ದಾರಿಯಲ್ಲೇ ಕಟ್ಟಿದ್ದರು. ಕೊನೆಗೆ ಒಂದು ಮಗ್ಗುಲ ಹಲಗೆ ಬಿಚ್ಚಿ ಕೊಟ್ಟಿದ್ದರು.

ಹಲಗೆ ಮೊದಲು ಏರುವುದನ್ನು ರಮೀಝ್ ಆಗಲೇ ಕಂಡಿದ್ದ. ಆದರೆ ಉಮ್ಮ ತೀರಿಕೊಂಡ ಮೇಲೆ ಬಟ್ಟಲಲ್ಲಿ ಅನ್ನ ಬಿಟ್ಟೇಳುತ್ತಿದ್ದ ಮನುಷ್ಯ ಅಂದು ಇನ್ನೊಂದು ಸೌಟು ಮೀನು ಸಾರು ಕೇಳಿ ಹಾಕಿಸಿಕೊಂಡಿದ್ದರು. ಆ ಒಂದು ಸೌಟು ಸಾರಿಗಾಗಿ ಅವನು ಬಾಯಿ ಮುಚ್ಚಿಕೊಂಡ.

ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಮೊಯ್ದಿನಬ್ಬ ಬಂದರು. "ಆ ಹುಡುಗಿ ಎಂತ ಹೇಳಿತು?"

ಭಾರೀ ಇಷ್ಟ ಆಯ್ತಂತೆ ಎನ್ನುವ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಲಾಗಲಿಲ್ಲ.

"ನೀವು ಕಟ್ಟಿದ್ದು ಮಂಜಿ, ಬಾಪ. ಫ್ರಿಗೇಟಲ್ಲ. ಅದಕ್ಕೆ ಪಕ್ಕೆಲುಬು ಮೊದಲು."

"ನಿನಗೆ ಯಾವಾಗ ಗೊತ್ತಾಯ್ತು?"

"ಶುರುವಿಗೇ."

ಮೊಯ್ದಿನಬ್ಬರ ಮುಖ ಕೆಂಪಾಯಿತು. "ಮತ್ತೆ ಯಾಕೆ ಹೇಳ್ಲಿಲ್ಲ? ನಾನೆಂತ ಮಗುವಾ, ಆಟಕ್ಕೆ ಕೊಟ್ಟು ಕೂರಿಸ್ಲಿಕ್ಕೆ?"

ರಮೀಝನಿಗೆ ನಾಚಿಕೆಯಾಯಿತು. ತಂದೆಯನ್ನು ನೋಯಿಸಬಾರದೆಂದು ಮಾಡಿದ್ದೇ ಅವರನ್ನು ಹೆಚ್ಚು ನೋಯಿಸಿತ್ತು.

"ಪಕ್ಕೆಲುಬು ಮೊದಲು ನಿಲ್ಲಿಸಿ ಈ ಫ್ರಿಗೇಟಿನವರು ಸಾಧಿಸಿದ್ದೆಂತ? ಎಷ್ಟು ಕಾಲ ಓಡಿತು ಇವರ ಮೆರಿಡಾ?" ಎಂದು ಕೇಳಿದರು ಮೊಯ್ದಿನಬ್ಬ.

"ಇಪ್ಪತ್ತು ವರ್ಷ, ಬಾಪ. ಉದ್ದಕ್ಕೂ ಒಂದೇ ಸಾಲು ಫಿರಂಗಿ, ಮೈ ಸಪೂರ, ಅದಕ್ಕೇ ಅಷ್ಟು ಓಟ. ಸರಕಿನ ಹಡಗುಗಳಿಗೆ ಕಾವಲು ಹೋಗ್ತಿತ್ತು. ಹಳತಾದ ಮೇಲೆ ಹಾಯಿಕಂಬ ಕಿತ್ತು, ಫಿರಂಗಿ ಇಳಿಸಿ, ಬಂದರದಲ್ಲಿ ಕಟ್ಟಿ ಹಾಕಿ ಜೈಲು ಮಾಡಿದ್ರು."

"ನಿಂತಲ್ಲೇ?"

"ನಿಂತಲ್ಲೇ. ಆಮೇಲೆ ಒಡೆದು ಹಾಕಿದ್ರು."

"ಅದಕ್ಕಿಂತ ಮುಳುಗಿದ್ರೆ ಮರ್ಯಾದೆ ಇತ್ತು," ಎಂದರು ಮೊಯ್ದಿನಬ್ಬ.

ತಾವು ಕಟ್ಟಿದ್ದನ್ನು ಎರಡೂ ಕೈಯಲ್ಲಿ ಎತ್ತಿ ಕಪಾಟಿನ ಮೇಲಿಟ್ಟರು. ನಕ್ಷೆ ಬಿಡಿಸಿ, ಕನ್ನಡಕ ಏರಿಸಿ, ಸ್ಟೂಲು ಎಳೆದುಕೊಂಡರು.

"ಇದನ್ನು ಓದುವುದು ಹೇಗೆ? ಹೇಳಿಕೊಡು."

ರಮೀಝ್ ಹೇಳಿಕೊಟ್ಟ. ಹೊಸ ಅಡಿಮರ ಜೋಡಿಸಿದರು. ಅದರ ಮೇಲೆ ಮೊದಲ ಪಕ್ಕೆಲುಬು ನಿಲ್ಲಿಸಿ, ಅಂಟು ಒಣಗುವ ಮುಂಚೆ ಮೊಯ್ದಿನಬ್ಬ ತಲೆಯೆತ್ತದೆ ಕೇಳಿದರು:

"ಸರಿ ಉಂಟಾ?"

ಬೆಂಗ್ರೆಯಲ್ಲಿ ಈ ಪ್ರಶ್ನೆಯನ್ನು ಉಳಿದವರು ಅವರಿಗೆ ಕೇಳುತ್ತಿದ್ದರು. ಮರ ಕೂದಲೆಳೆಯಷ್ಟು ಮುಂದಕ್ಕೆ ವಾಲಿತ್ತು. ಉಂಟು ಎನ್ನಬಹುದಿತ್ತು.

"ಇಲ್ಲ ಬಾಪ. ಸ್ವಲ್ಪ ಹಿಂದೆ."

ಮೊಯ್ದಿನಬ್ಬ ಹಿಂದಕ್ಕೆ ಸರಿಸಿ, ಬೆರಳು ಅಲುಗದ ಹಾಗೆ ಹಿಡಿದುಕೊಂಡು ಕೂತರು.