ರಾಕ್ಷಸ ಮದುವೆಗೆ ಹೋಗಿದ್ದ

ಗಂಡ ಸಿದ್ದಲಿಂಗೇಶ ತೀರಿಕೊಂಡ ಮೇಲೆ ಪ್ರೇಮವ್ವ ಅತ್ತದ್ದನ್ನು ಬ್ಯಾಡಗಿಯ ಆ ಓಣಿಯಲ್ಲಿ ಯಾರೂ ನೋಡಿರಲಿಲ್ಲ. ಉಣ್ಣುತ್ತಿದ್ದಳು, ಮಲಗುತ್ತಿದ್ದಳು, ಬೆಳಗಾದರೆ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಗೆ ಅಂಗಳಕ್ಕೆ ಬರುತ್ತಿದ್ದಳು. ಮೂಗಿಗೆ ಸೆರಗು ಕಟ್ಟಿದ ಹೆಂಗಸರೆಲ್ಲ ಕೆಮ್ಮಿದರೂ ಅವಳಿಗೆ ಘಾಟು ಹತ್ತಿದಂತೆ ಕಾಣುತ್ತಿರಲಿಲ್ಲ.

ಪ್ರತಿ ಶ್ರಾವಣದಲ್ಲೂ ಮಠದಲ್ಲಿ ಪುರಾಣ ಓದುವವಳು ಅವಳೇ. ಅಪ್ಪನ ತೊಡೆಯ ಮೇಲೆ ಕೂತು ಕೇಳುತ್ತಲೇ ಷಟ್ಪದಿಗಳನ್ನು ನಾಲಗೆಗೆ ತಂದುಕೊಂಡವಳು. ಶರಣೆಯೊಬ್ಬಳ ಸತ್ತ ಗಂಡನನ್ನು ಶಿವ ಎಬ್ಬಿಸುವ ಸಂಧಿ ಬಂದರೆ ಇಡೀ ಮಠ ‘ಹರ ಹರ’ ಎನ್ನುತ್ತಿತ್ತು. ಹಾವೇರಿಯ ಆಸ್ಪತ್ರೆಯಲ್ಲಿ ಗಂಡನ ತಲೆಯ ಬಳಿ ಕೂತು ಅದೇ ಸಂಧಿಯನ್ನು ಒಂದಕ್ಷರ ತಪ್ಪದೆ ಓದಿದ್ದಳು. ಅವನು ಏಳಲಿಲ್ಲ.

ಈಗ ಮತ್ತೆ ಶ್ರಾವಣ ಹತ್ತಿರವಾಗಿತ್ತು. ಓದುತ್ತಾಳೋ ಇಲ್ಲವೋ ಎಂದು ಕೇಳಲು ಮಠದ ಹಿರಿಯ ಕರಬಸಪ್ಪಜ್ಜ ಅವತ್ತು ಬರುವವರಿದ್ದರು. ಒಲ್ಲೆ ಎಂದರೆ ಕುಪ್ಪೇಲೂರಿನಿಂದ ಬೇರೊಬ್ಬರನ್ನು ಕರೆಸಬೇಕು.

ಪಕ್ಕದಲ್ಲಿ ಕೂತ ಅಮೀರಬಿ ಸೊಂಟದಿಂದ ಅಂಗೈಯಗಲದ ಕಥೆ ಪುಸ್ತಕವೊಂದನ್ನು ತೆಗೆದಳು. ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ ಮಗಳು ಕೊಂಡದ್ದು.

“ಮಗಳು ಇದನ್ನ ಓದಿ ಓದಿ ನಗತಾಳ. ಯಾಕಂತ ನನಗೂ ಗೊತ್ತಾಗಲಿ. ಓದ ಪ್ರೇಮವ್ವ. ನೀ ಓದೂತನಕ ನಿನ್ನ ಬುಟ್ಟಿಗೆ ನಾವೆಲ್ಲಾ ಒಂದೊಂದು ಬೊಗಸಿ ಹಾಕತೇವಿ.”

ಒಲ್ಲೆ ಎನ್ನಲೂ ಮನಸ್ಸು ಬೇಕು. ಪ್ರೇಮವ್ವ ಕೈ ಒರೆಸಿಕೊಂಡು ಓದಿದಳು.

ನಾಲ್ವರು ಸಾಹಸಿಗಳು. ಒಬ್ಬನ ಕತ್ತಿ ತುಕ್ಕು ಹಿಡಿದು ಒರೆಯಿಂದ ಹೊರಗೇ ಬಾರದು. ಮಂತ್ರವಾದಿ ಬೆಂಕಿ ಕರೆದರೆ ಮಳೆ ಬರುತ್ತದೆ, ಅದೂ ಅವರ ಅಡುಗೆಯ ಒಲೆಯ ಮೇಲಷ್ಟೇ. ರಾಕ್ಷಸನನ್ನು ಕೊಲ್ಲಲು ಏಳು ಬೆಟ್ಟ ಹತ್ತಿಹೋದರೆ ಅವನು ಬೀಗರ ಮದುವೆಗೆ ಹೋಗಿದ್ದಾನೆ. ಅವನ ತಾಯಿ ಇವರ ಕೈಗೆ ಕಸಬರಿಗೆ ಕೊಟ್ಟು ಅಂಗಳ ಗುಡಿಸಲು ಹಚ್ಚುತ್ತಾಳೆ.

ಪ್ರೇಮವ್ವನಿಗೆ ಓದು ಎಂದರೆ ಒಂದೇ ಧಾಟಿ ಗೊತ್ತು. ಆ ಗದ್ಯವನ್ನೂ ರಾಗವಾಗಿ ಎಳೆದಳು. ‘ಕಾಲು ಜಾರಿ ಬಾವಿಗೆ ಬಿದ್ದನು’ ಎಂಬಲ್ಲಿ ಪುರಾಣದ ರೂಢಿಯಂತೆ ಓದು ನಿಲ್ಲಿಸಿದಳು.

“ಹರ ಹರ!” ಎಂದು ಎದುರಿಗೆ ತೊಟ್ಟು ಬಿಡಿಸುತ್ತಿದ್ದ ಗುತ್ತೆವ್ವ ಕೈಮುಗಿದೇ ಬಿಟ್ಟಳು. ಅಂಗಳವೆಲ್ಲ ಬಿದ್ದು ಬಿದ್ದು ನಕ್ಕಿತು.

“ಏ ಪ್ರೇಮಕ್ಕ, ಆ ಮುಠ್ಠಾಳ ಬಾವ್ಯಾಗ ಬಿದ್ದರ ನನ್ನ ಕಡೆಯಿಂದ ಕೈ ಮುಗಿಸ್ತೀಯಲ್ಲ!” ಎಂದಳು ಗುತ್ತೆವ್ವ.

“ಮುಗಿ, ಮುಗಿ. ನಿನ್ನ ಗಂಡನಕಿಂತಾ ಶಾಣ್ಯಾ ಅದಾನ,” ಎಂದಳು ಅಮೀರಬಿ.

ಪ್ರೇಮವ್ವನಿಗೆ ನಗು ಬರಲಿಲ್ಲ. ಆದರೆ ಓದು ಎಲ್ಲೂ ತಡೆಯಲಿಲ್ಲ. ಈ ಕಥೆಯಲ್ಲಿ ಯಾರೂ ಯಾರ ಭಕ್ತಿಯನ್ನೂ ಪರೀಕ್ಷೆ ಮಾಡುತ್ತಿರಲಿಲ್ಲ. ಮಂತ್ರ ಹತ್ತಲಿಲ್ಲವೆಂದರೆ ಹತ್ತಲಿಲ್ಲ. ನಾಲ್ವರೂ ಹಸಿ ರೊಟ್ಟಿ ತಿಂದು ಮುಂದಿನ ಊರಿಗೆ ನಡೆಯುತ್ತಿದ್ದರು.

ಅಷ್ಟರಲ್ಲಿ ಕರಬಸಪ್ಪಜ್ಜ ಬಂದು ನಿಂತಿದ್ದರು.

“ದನಿ ಓಣಿ ತುದಿಗೇ ಕೇಳತಿತ್ತವಾ. ಶ್ರಾವಣಕ್ಕ ಓದತೀ ಹಂಗಾರ?”

“ಇಲ್ರಿ, ಅಜ್ಜಾರ.”

“ಯಾಕವಾ?”

“ಪುರಾಣದಾಗ ಸತ್ತಾಂವ ಏಳತಾನ್ರಿ. ನನಗ ಅದನ್ನ ಓದಾಕ ಆಗೂದಿಲ್ಲ.”

ಅಜ್ಜ ಟೋಪಿ ತೆಗೆದು ಮತ್ತೆ ಇಟ್ಟುಕೊಂಡರು.

“ಕುಪ್ಪೇಲೂರಿಗೆ ಹೇಳಿ ಕಳಸ್ತೇನಿ. ಕೇಳಾಕರ ಬಾ.”

“ನೋಡತೇನ್ರಿ.”

ಅವರು ಹೋದರು. ಪ್ರೇಮವ್ವ ಬುಟ್ಟಿ ಎಳೆದುಕೊಳ್ಳಹೋದಳು. ಹೆಂಗಸರು ಬೊಗಸೆ ಬೊಗಸೆ ಹಾಕಿ ಅದಾಗಲೇ ತುಂಬಿತ್ತು.

“ಮುಂದ?” ಎಂದಳು ಗುತ್ತೆವ್ವ, ಮೆತ್ತಗೆ.

ಅವಳು ಹಾಳೆ ತಿರುವಿದಳು. ಎದೆಯಲ್ಲಿ ಏನೂ ಅಲುಗಲಿಲ್ಲ. ರಾಕ್ಷಸನನ್ನು ಕೊಂದೆವೆಂದು ನಾಲ್ವರೂ ರಾಜನಿಗೆ ಸುಳ್ಳು ಹೇಳಿದ್ದರು. ರಾಜ ಮೆಚ್ಚಿ ಇನ್ನೂ ದೊಡ್ಡ ರಾಕ್ಷಸನಿದ್ದಲ್ಲಿಗೆ ಕಳಿಸಿದ್ದ. ಹೊರಟ ದಾರಿಯೂ ತಪ್ಪಿತ್ತು. ಅವಳು ಅದೇ ಧಾಟಿಯಲ್ಲಿ, ಅವಸರವಿಲ್ಲದೆ, ಅವರ ಹಿಂದೆ ಹೋದಳು.