ಯಾರೂ ಹೊಲಿಸದ ರವಿಕೆ ಕಣ

ಆರಾಧನಾಳಿಗೆ ಕಸದ ಹುಚ್ಚು ಹಿಡಿದದ್ದು ಆಷಾಢದಲ್ಲಿ. ಶಂಕರಪುರದ ಆ ಮನೆಗೆ ಸೊಸೆಯಾಗಿ ಬಂದು ವರ್ಷವಾಗಿತ್ತಷ್ಟೆ. ಮನೆಯೊಳಗೆ ಏನು ಬರುತ್ತದೆ, ಕಸವಾಗಿ ಏನು ಹೊರಗೆ ಹೋಗುತ್ತದೆ ಎಂದು ನೋಟ್ ಪುಸ್ತಕದಲ್ಲಿ ಬರೆಯತೊಡಗಿದಳು. ಹಾಲಿನ ಕವರು, ಕೊರಿಯರ್ ಡಬ್ಬ, ಸಿಪ್ಪೆ, ಯಾವುದನ್ನೂ ಬಿಡಲಿಲ್ಲ. ಎರಡು ತಿಂಗಳಲ್ಲಿ ಒಣ ಕಸ ಮೂರು ಚೀಲದಿಂದ ಒಂದಕ್ಕೆ ಇಳಿಯಿತು. ಅತ್ತೆ ಸುಂದರಮ್ಮನವರು ಮೂಗು ಮುರಿಯಲಿಲ್ಲ, ಹೊಗಳಲೂ ಇಲ್ಲ. "ನಮ್ಮನೇಲಿ ಏನನ್ನೂ ಎಸೆಯೋ ಅಭ್ಯಾಸಾನೇ ಇಲ್ವಲ್ಲಮ್ಮ," ಎಂದರು.

ಮಾತು ನಿಜವೇ. ಗೌರಿ ಹಬ್ಬಕ್ಕೆ ಎರಡು ದಿನ ಇರುವಾಗ ಅತ್ತೆಯ ಬೀರುವಿನ ಕೆಳಗಿನ ಖಾನೆ ತೆಗೆದವಳು ದಂಗಾದಳು. ನಲವತ್ತಮೂರು ರವಿಕೆ ಕಣ! ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ಎಲೆ ಅಡಿಕೆಯ ಜೊತೆ ಕೊಟ್ಟವು. ಒಂದಕ್ಕೂ ಕತ್ತರಿ ತಾಗಿರಲಿಲ್ಲ.

"ಇದನ್ನ ಯಾರೂ ಹೊಲಿಸ್ಕೊಳಲ್ವಾ ಅತ್ತೆ?"

"ಅಷ್ಟು ಬಟ್ಟೇಲಿ ಯಾರ ಮೈಗೆ ರವಿಕೆ ಆಗತ್ತೆ? ನಾವು ಇನ್ನೊಬ್ರಿಗೆ ಕೊಡ್ತೀವಿ."

"ಅವರು?"

"ಅವರು ಮತ್ತೊಬ್ರಿಗೆ."

"ಕೊನೇಗೆ?"

ಅರವತ್ತೆಂಟು ವರ್ಷದಲ್ಲಿ ಸುಂದರಮ್ಮನವರನ್ನು ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. "ಕೊನೆ ಎಲ್ಲಿಂದ ಬಂತೇ?" ಎನ್ನುತ್ತ ಅಡುಗೆಮನೆಗೆ ನಡೆದರು.

ಸೊಸೆಯ ತಲೆಯೊಳಗೆ ಹುಳ ಹೊಕ್ಕಿತು. ಹತ್ತಿ ಬೆಳೆದು, ನೂಲು ತೆಗೆದು, ನೀರು ಸುರಿದು ಬಣ್ಣ ಹಾಕಿ, ಲಾರಿಯಲ್ಲಿ ಹೇರಿ ತಂದದ್ದು ಬೀರುವಿನಿಂದ ಬೀರುವಿಗೆ ಓಡಾಡುವುದಕ್ಕೇ? ಎಸೆಯಲಿಲ್ಲ, ಸರಿ. ಆದರೆ ಯಾರೂ ತೊಡಲೂ ಇಲ್ಲವಲ್ಲ! ಯೋಚಿಸುತ್ತಲೇ ಕಣಗಳನ್ನು ಕೊಡವಿ ಮಡಿಸಿದಳು. ಒಳಗೆ ಸಿಕ್ಕಿದ ಚೀಟಿಗಳನ್ನು ಓದುವ ಗೋಜಿಗೆ ಹೋಗದೆ ಒಣ ಕಸಕ್ಕೆ ಹಾಕಿದಳು. ಮರುದಿನ ಬೆಳಿಗ್ಗೆ ಕಸದ ಆಟೋ ಬಂದು ಹೋಯಿತು.

ಅವತ್ತು ಸಂಜೆ ಬೀರು ತೆಗೆದ ಸುಂದರಮ್ಮನವರು ಕಣಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. "ಚೀಟಿ ಎಲ್ಲೇ?"

ಚೀಟಿಯಲ್ಲಿದ್ದದ್ದು ಕಣ ಕೊಟ್ಟವರ ಹೆಸರು. ಕೊಟ್ಟವರಿಗೇ ತಿರುಗಿ ಕೊಟ್ಟರೆ ಮುಖ ಉಳಿಯುತ್ತದೆಯೇ? ಎರಡು ವರ್ಷದ ಹಿಂದೆ ಆ ಎಡವಟ್ಟು ಆಗಿತ್ತು. ಪಕ್ಕದ ಬೀದಿಯ ರಂಗನಾಯಕಿ ಸುಂದರಮ್ಮನವರಿಗೆ ನಲವತ್ತು ವರ್ಷಗಳಿಂದ ಗೆಳತಿ. ತಾವೇ ಆರಿಸಿ ತಂದುಕೊಟ್ಟಿದ್ದ ಬದನೆಕಾಯಿ ಬಣ್ಣದ ಕಣ ತಮ್ಮ ತಾಂಬೂಲಕ್ಕೇ ಬಂದದ್ದನ್ನು ಕಂಡು, ಅದನ್ನು ಹಿಡಿದುಕೊಂಡೇ ಎದ್ದು ಹೋದವರು ಮತ್ತೆ ಈ ಹೊಸಿಲು ತುಳಿದಿರಲಿಲ್ಲ. ಚೀಟಿಯ ಪದ್ಧತಿ ಶುರುವಾದದ್ದು ಆಮೇಲೆ. ಈ ಗೌರಿಗೆ ಬರುತ್ತೇನೆಂದು ರಂಗನಾಯಕಿ ಕೊನೆಗೂ ಒಪ್ಪಿದ್ದರು.

"ಇನ್ನೊಂದ್ಸಲ ಎದ್ದು ಹೋದ್ರೆ ಈ ಜನ್ಮದಲ್ಲಿ ಬರಲ್ಲ ಅವಳು," ಎಂದು ಸುಂದರಮ್ಮನವರು ಕಣ್ಣೊರೆಸಿಕೊಂಡರು. ಅವರು ಅಳುವುದನ್ನು ಆರಾಧನಾ ಕಂಡದ್ದು ಅದೇ ಮೊದಲು. ತನ್ನ ಬುದ್ಧಿವಂತಿಕೆಯ ಮೇಲೇ ಸಿಟ್ಟು ಬಂತು.

"ಗಾಂಧಿ ಬಜಾರಿಗೆ ಹೋಗಿ ಹೊಸದು ತಂದ್ಬಿಡ್ತೀನಿ ಅತ್ತೆ."

"ನಲವತ್ಮೂರು ಇಟ್ಕೊಂಡು ಇನ್ನೊಂದಾ? ನೀನು ಹೇಳೋ ಮಾತಾ ಇದು?"

ಆರಾಧನಾ ನಾಲಿಗೆ ಕಚ್ಚಿಕೊಂಡಳು. "ಹಾಗಾದ್ರೆ ನಿಜ ಹೇಳ್ಬಿಡೋಣ."

ಹಬ್ಬದ ಸಂಜೆ ನಡುಮನೆಯಲ್ಲಿ ಹೆಂಗಸರೆಲ್ಲ ಸೇರಿದರು. ರಂಗನಾಯಕಿ ಬಾಗಿಲ ಹತ್ತಿರವೇ ಕೂತರು, ಎದ್ದು ಹೋಗುವುದಕ್ಕೆ ಅನುಕೂಲವಾಗಲಿ ಎಂಬಂತೆ. ಆರಾಧನಾ ಚಾಪೆಯ ಮೇಲೆ ನಲವತ್ತಮೂರನ್ನೂ ಹರಡಿದಳು.

"ಇವೆಲ್ಲ ನೀವೇ ಕೊಟ್ಟಿದ್ದು. ಹೆಸರಿನ ಚೀಟಿ ಎಸೆದದ್ದು ನಾನು, ಅತ್ತೆ ಅಲ್ಲ. ನಿಜವಾಗ್ಲೂ ಹೊಲಿಸ್ಕೊಳೋರು ಮಾತ್ರ ಇಷ್ಟವಾದದ್ದು ತಗೊಳಿ."

ಯಾರೂ ಕೈ ಚಾಚಲಿಲ್ಲ. ಕೊನೆಗೆ ರಂಗನಾಯಕಿಯೇ ಎದ್ದು ಬಂದು, ಐದು ಬದನೆಕಾಯಿ ಬಣ್ಣದವುಗಳಲ್ಲಿ ಒಂದನ್ನು ಎಳೆದು ಅಂಚು ತಿರುವಿದರು. ಮೂಲೆಯಲ್ಲೊಂದು ಹಳದಿ ದಾರದ ಗಂಟು.

"ಇದು ಮತ್ತೆ ಇಲ್ಲಿಗೇ ಬಂತಾ! ಅವತ್ತು ಸಿಟ್ಟಲ್ಲಿ ತ್ಯಾಗರಾಜನಗರದ ನಮ್ಮ ನಾದಿನಿಗೆ ಕೊಟ್ಬಿಟ್ಟಿದ್ದೆ. ಎಲ್ಲೆಲ್ಲಿ ಸುತ್ತತ್ತೆ ನೋಡೋಣ ಅಂತ ಗಂಟು ಹಾಕಿದ್ದೆ."

"ನಾನು ಕೊಟ್ಟಿದ್ದು ಕಣ್ರೀ, ಮೊನ್ನೆ ಶ್ರಾವಣದಲ್ಲಿ," ಎಂದು ಚಾಮರಾಜಪೇಟೆಯ ವಿಶಾಲಾಕ್ಷಮ್ಮ ಮೆಲ್ಲಗೆ ಒಪ್ಪಿಕೊಂಡರು. "ನಂಗೆ ಬಿನ್ನಿಪೇಟೆಯಿಂದ ಬಂದಿತ್ತು."

"ಅಲ್ಲಿಗೆ ಯಾರು ಕೊಟ್ರು?" ಆರಾಧನಾ ತಡೆಯಲಾರದೆ ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ. ಮೂಲೆಯಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಮನೆಗೆ ಮನೆಯೇ ನಕ್ಕಿತು.

ರಂಗನಾಯಕಿ ನಗಲಿಲ್ಲ. "ನಾದಿನೀನೂ ಹೊಲಿಸ್ಲಿಲ್ಲ ನೋಡು ಸುಂದರಾ. ನಾನು ನಿನ್ನೊಬ್ಬಳ ಮೇಲೆ ಎರಡು ವರ್ಷ ಮುನಿಸ್ಕೊಂಡು ಕೂತೆ."

"ಹೊಲಿಸ್ಕೋತೀರಾ ಆಂಟಿ?"

ಅವರು ಕಣವನ್ನು ಎದೆಗೆ ಹಿಡಿದು ನೋಡಿಕೊಂಡರು. "ಮೈಗೆ ಸಾಲತ್ತೆ. ತೋಳಿಗೆ ಸಾಲಲ್ಲ."

ಸುಂದರಮ್ಮನವರು ಬಗ್ಗಿ, ಅದೇ ಬಣ್ಣದ ಇನ್ನೊಂದನ್ನು ಎತ್ತಿ ಗೆಳತಿಯ ಕೈಗಿಟ್ಟರು.

"ತೋಳು ಇದರಲ್ಲಿ ಹೊಲಿಸ್ಕೋ. ಯಾರು ಕೊಟ್ಟಿದ್ದು ಅಂತ ಮಾತ್ರ ಕೇಳ್ಬೇಡ."

ರಂಗನಾಯಕಿ ಎರಡನ್ನೂ ಮಡಿಲಲ್ಲಿಟ್ಟುಕೊಂಡು, ಬಾಗಿಲ ಬಳಿಗೆ ಹೋಗದೆ ಅಲ್ಲೇ ಚಾಪೆಯ ಮೇಲೆ ಕೂತು, ಇನ್ನೊಂದು ಲೋಟ ಕಾಫಿ ಕೇಳಿದರು.